ಚಿಕ್ಕಮಗಳೂರಿನಷ್ಟು ಜನರ ಒಂದು ದೇಶ: ಕೆರಿಬಿಯನ್ ದ್ವೀಪಗಳು ಕೂಡಿ ಕೆಲಸ ಹುಟ್ಟಿಸುವ ಬಗೆ

1974ರ ನವೆಂಬರ್ 22. ಇವತ್ತು ನಾವು ಚಿನ್ನಸ್ವಾಮಿ ಎಂದು ಕರೆಯುವ ಬೆಂಗಳೂರಿನ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಟೆಸ್ಟ್ ಪಂದ್ಯ. ಎದುರಾಳಿ ವೆಸ್ಟ್ ಇಂಡೀಸ್. ನಾಯಕ ಕ್ಲೈವ್ ಲಾಯ್ಡ್ ಎರಡನೇ ಇನಿಂಗ್ಸ್‌ನಲ್ಲಿ 163 ಹೊಡೆದರು. ಅವರು ಗಯಾನಾದವರು. ಆಡಿದ ಮೊದಲ ಟೆಸ್ಟಿನಲ್ಲೇ 93 ಮತ್ತು 107 ಗಳಿಸಿದ ಗಾರ್ಡನ್ ಗ್ರಿನಿಜ್ ಬಾರ್ಬಡೋಸ್‌ನವರು. ಅದೇ ದಿನ ಟೆಸ್ಟ್‌ಗೆ ಕಾಲಿಟ್ಟ ಇನ್ನೊಬ್ಬ ಹುಡುಗ ಆಂಟಿಗಾದ ವಿವಿಯನ್ ರಿಚರ್ಡ್ಸ್. ನಮ್ಮ ಚಂದ್ರಶೇಖರ್ ಎರಡೂ ಸಲ ಅವರನ್ನು ಬೇಗನೆ ಔಟ್ ಮಾಡಿ ಕಳಿಸಿದರು.

ಮೂವರೂ ಮೂರು ಬೇರೆ ಬೇರೆ ಊರಿನವರಲ್ಲ, ಮೂರು ಬೇರೆ ಬೇರೆ ನೆಲದವರು. ಗಯಾನಾ ಮತ್ತು ಬಾರ್ಬಡೋಸ್ ಆಗಲೇ ಸ್ವತಂತ್ರ ದೇಶಗಳು. ಆಂಟಿಗಾ ಸ್ವತಂತ್ರವಾಗಲು ಇನ್ನೂ ಏಳು ವರ್ಷ ಬೇಕಿತ್ತು. ವೆಸ್ಟ್ ಇಂಡೀಸ್ ಅನ್ನುವ ದೇಶ ಭೂಪಟದಲ್ಲಿ ಎಲ್ಲೂ ಇಲ್ಲ. ಒಲಿಂಪಿಕ್ಸ್‌ನಲ್ಲಿ ಉಸೇನ್ ಬೋಲ್ಟ್ ಓಡಿದ್ದು ಜಮೈಕಾ ಹೆಸರಿನಲ್ಲಿ. ಬೆಂಗಳೂರಿನವರೆಲ್ಲ ನಮ್ಮವನೇ ಎಂದುಕೊಂಡ ಕ್ರಿಸ್ ಗೇಲ್ ಕೂಡ ಜಮೈಕಾದವರೇ. ಆದರೆ ಕ್ರಿಕೆಟ್‌ಗೆ ಮಾತ್ರ ಎಲ್ಲರೂ ಸೇರಿ ಒಂದು ತಂಡ. ಕಾರಣ ಸರಳ. ಒಂದು ಸಣ್ಣ ದ್ವೀಪದಿಂದ ಹನ್ನೊಂದು ಟೆಸ್ಟ್ ಆಟಗಾರರನ್ನು ಹುಡುಕುವುದು ಕಷ್ಟ. ಎಲ್ಲ ದ್ವೀಪಗಳಿಂದ ಹುಡುಕಿದರೆ ಜಗತ್ತನ್ನೇ ಗೆಲ್ಲುವ ತಂಡ ಸಿಗುತ್ತದೆ.

ಕ್ರಿಕೆಟ್‌ನಲ್ಲಿ ನಡೆದದ್ದನ್ನು ಉದ್ಯೋಗದ ವಿಷಯದಲ್ಲೂ ಮಾಡಬಹುದಾ? ಕೆರಿಬಿಯನ್ ಸಮುದ್ರದ ಈ ಸಣ್ಣ ದೇಶಗಳು ಅರವತ್ತು ವರ್ಷಗಳಿಂದ ಇದಕ್ಕೆ ಉತ್ತರ ಹುಡುಕುತ್ತಿವೆ. 2025ರ ಅಕ್ಟೋಬರ್ 1ರಂದು ಅವುಗಳಲ್ಲಿ ನಾಲ್ಕು ದೇಶಗಳು ಒಂದು ದೊಡ್ಡ ಹೆಜ್ಜೆ ಇಟ್ಟವು. ಬಾರ್ಬಡೋಸ್, ಬೆಲೀಜ್, ಡೊಮಿನಿಕಾ, ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್. ಇವುಗಳಲ್ಲಿ ಯಾವ ದೇಶದವರು ಬೇಕಾದರೂ ಇನ್ನೊಂದಕ್ಕೆ ಹೋಗಿ, ಪರ್ಮಿಟ್ ಇಲ್ಲದೆ, ಎಷ್ಟು ಕಾಲ ಬೇಕಾದರೂ ಇದ್ದು ದುಡಿಯಬಹುದು. ಇದು ಯಾಕೆ ದೊಡ್ಡ ಸುದ್ದಿ ಎಂದು ತಿಳಿಯಬೇಕಾದರೆ ಮೊದಲಿಂದ ಬರಬೇಕು.

ಸಣ್ಣದು ಅಂದರೆ ಎಷ್ಟು ಸಣ್ಣದು?

ಗ್ರೆನಡಾ ದೇಶದ ಜನಸಂಖ್ಯೆ ಸುಮಾರು 1.2 ಲಕ್ಷ. ಅಂದರೆ 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದಲ್ಲಿದ್ದಷ್ಟು ಜನ. ಡೊಮಿನಿಕಾದ ವಿಸ್ತೀರ್ಣ ಸುಮಾರು 750 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟೇ ಜಾಗ, ಆದರೆ ಅಲ್ಲಿರುವವರು 70 ಸಾವಿರದ ಆಸುಪಾಸು. ಸೇಂಟ್ ಕಿಟ್ಸ್ ಮತ್ತು ನೆವಿಸ್‌ನಲ್ಲಿ 50 ಸಾವಿರ ಜನರೂ ಸರಿಯಾಗಿ ಇಲ್ಲ.

ಈಗ ಚಿಕ್ಕಮಗಳೂರು ನಗರ ಒಂದು ಸ್ವತಂತ್ರ ದೇಶ ಎಂದುಕೊಳ್ಳಿ. ಅದಕ್ಕೆ ಸ್ವಂತ ಸಂಸತ್ತು, ಪ್ರಧಾನಿ, ಪೊಲೀಸ್, ಕೋರ್ಟು ಬೇಕು. ವಿಶ್ವಸಂಸ್ಥೆಯಲ್ಲಿ ಪ್ರತಿನಿಧಿ ಬೇಕು. ವಿಮಾನ ನಿಲ್ದಾಣ, ಬಂದರು, ವಿದ್ಯುತ್ ಸ್ಥಾವರ ಎಲ್ಲವೂ ಬೇಕು. ಪಕ್ಕದ ಹಾಸನದಿಂದ ಕರೆಂಟು ಎಳೆದುಕೊಳ್ಳುವ ಹಾಗಿಲ್ಲ, ಮಧ್ಯೆ ಸಮುದ್ರ ಇದೆ. ಈ ಖರ್ಚೆಲ್ಲ ಜನ ಕಡಿಮೆ ಇದ್ದಾರೆ ಅಂತ ಕಡಿಮೆಯಾಗುವುದಿಲ್ಲ. ಒಂದು ಬಂದರು ಕಟ್ಟಲು ತಗಲುವ ಹಣ ಒಂದು ಲಕ್ಷ ಜನರಿಗೂ ಅಷ್ಟೇ, ಒಂದು ಕೋಟಿ ಜನರಿಗೂ ಹೆಚ್ಚುಕಡಿಮೆ ಅಷ್ಟೇ. ಹಂಚಿಕೊಳ್ಳುವ ತಲೆಗಳು ಕಡಿಮೆ, ಅಷ್ಟೇ ವ್ಯತ್ಯಾಸ.

ಕೆಲಸ ಯಾಕೆ ಹುಟ್ಟುವುದಿಲ್ಲ?

ನಮ್ಮ ಹಳ್ಳಿಯ ಹಾಲಿನ ಡೈರಿಯನ್ನು ನೆನಪಿಸಿಕೊಳ್ಳಿ. ಒಬ್ಬರ ಮನೆಯಲ್ಲಿ ಎರಡು ಲೀಟರ್, ಇನ್ನೊಬ್ಬರದು ಐದು. ಆ ಎರಡು ಲೀಟರ್ ಹಾಲಿಗೋಸ್ಕರ ಟ್ಯಾಂಕರ್ ಬರುವುದಿಲ್ಲ. ಊರಿನವರೆಲ್ಲ ಡೈರಿಗೆ ಹಾಕಿದಾಗ ಬರುತ್ತದೆ. ಟ್ಯಾಂಕರ್ ಬಂದ ಮೇಲೆ ಡ್ರೈವರ್‌ಗೆ ಕೆಲಸ, ಹಾಲು ಅಳೆಯುವವರಿಗೆ ಕೆಲಸ, ಶೀತಲೀಕರಣ ಘಟಕದಲ್ಲಿ ಕೆಲಸ. ಈ ಕೆಲಸಗಳು ಯಾವ ಒಂದು ಮನೆಯ ಹಸುವಿನಿಂದಲೂ ಹುಟ್ಟಿದ್ದಲ್ಲ. ಎಲ್ಲರ ಹಾಲು ಸೇರಿದ್ದರಿಂದ ಹುಟ್ಟಿದ್ದು.

ದ್ವೀಪಗಳ ಕಷ್ಟವೂ ಇದೇ. ಒಂದು ಬಿಸ್ಕತ್ತಿನ ಕಾರ್ಖಾನೆ ನಡೆಯಬೇಕಾದರೆ ಲಕ್ಷಾಂತರ ಗಿರಾಕಿಗಳು ಬೇಕು. ಇರುವವರೇ 70 ಸಾವಿರ ಜನ ಆದರೆ ಯಂತ್ರ ದಿನಕ್ಕೆ ಎರಡು ಗಂಟೆ ಓಡಿ ನಿಲ್ಲುತ್ತದೆ. ಹಾಗಾಗಿ ಕಾರ್ಖಾನೆ ಬರುವುದೇ ಇಲ್ಲ, ಬಿಸ್ಕತ್ತು ಹಡಗಿನಲ್ಲಿ ಬರುತ್ತದೆ. ಈ ಮಾತನ್ನು 1950ರಲ್ಲೇ ಲೆಕ್ಕ ಹಾಕಿ ಹೇಳಿದವರು ಆರ್ಥರ್ ಲೂಯಿಸ್. ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪದ ಈ ಅರ್ಥಶಾಸ್ತ್ರಜ್ಞರಿಗೆ 1979ರಲ್ಲಿ ನೊಬೆಲ್ ಬಂತು. ದ್ವೀಪಗಳು ತಮ್ಮ ಮಾರುಕಟ್ಟೆಗಳನ್ನು ಕೂಡಿಸದೆ ಕಾರ್ಖಾನೆ ಬೆಳೆಯುವುದಿಲ್ಲ ಎನ್ನುವುದು ಅವರ ವಾದವಾಗಿತ್ತು.

ಬಾಳೆಯ ಕಥೆ

ಸಣ್ಣ ದೇಶ ಹೆಚ್ಚಾಗಿ ಒಂದೇ ಬೆಳೆಯನ್ನೋ ಒಂದೇ ಉದ್ಯಮವನ್ನೋ ನಂಬಿ ಬದುಕುತ್ತದೆ. ಅದರ ಅಪಾಯ ಏನೆಂದು ಡೊಮಿನಿಕಾ, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್, ಗ್ರೆನಡಾದ ಬಾಳೆ ಬೆಳೆಗಾರರನ್ನು ಕೇಳಬೇಕು.

ಗುಡ್ಡದ ಇಳಿಜಾರಿನಲ್ಲಿ ಒಂದೆರಡು ಎಕರೆ ತೋಟ. ವಾರದ ಗೊತ್ತಾದ ದಿನ ಗೊನೆ ಕಡಿಯಬೇಕು. ಗೊನೆಯನ್ನು ಬಿಡಿಸಿ, ತೊಳೆದು, ಚಿಪ್ಪುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಬೇಕು. ಒಂದು ಕಪ್ಪು ಗೀರು ಬಿದ್ದರೂ ಇಂಗ್ಲೆಂಡಿನ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಪೆಟ್ಟಿಗೆ ಬಂದರಿಗೆ ಹೋದರೆ ಹಡಗು ಕಾಯುತ್ತಿರುತ್ತದೆ. ವಾರ ವಾರ ಹಡಗು, ಅದರ ಹಿಂದೆಯೇ ಕೈಗೆ ದುಡ್ಡು. ಆ ದುಡ್ಡಿನಲ್ಲಿ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಅಲ್ಲಿನವರು ಬಾಳೆಯನ್ನು ಹಸಿರು ಚಿನ್ನ ಎಂದೇ ಕರೆದರು.

ಇದೆಲ್ಲ ಒಂದು ರಿಯಾಯಿತಿಯ ಮೇಲೆ ನಿಂತಿತ್ತು. ತಮ್ಮ ಹಳೆಯ ವಸಾಹತುಗಳ ಬಾಳೆಗೆ ಯುರೋಪಿನವರು ಮಾರುಕಟ್ಟೆಯಲ್ಲಿ ವಿಶೇಷ ಜಾಗ ಕೊಟ್ಟಿದ್ದರು. 1996ರಲ್ಲಿ ಅಮೆರಿಕ, ಈಕ್ವೆಡಾರ್, ಗ್ವಾಟೆಮಾಲಾ, ಹೊಂಡುರಾಸ್, ಮೆಕ್ಸಿಕೋ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಮಾರನೇ ವರ್ಷ ತೀರ್ಪು ಯುರೋಪಿನ ವಿರುದ್ಧ ಬಂತು. ಲ್ಯಾಟಿನ್ ಅಮೆರಿಕದ ಸಾವಿರಾರು ಎಕರೆಯ ಬಯಲು ತೋಟಗಳ ಬೆಲೆಗೆ ಗುಡ್ಡದ ಎರಡೆಕರೆ ತೋಟ ಸಾಟಿಯಾಗಲಿಲ್ಲ. 1990ರ ಹೊತ್ತಿಗೆ ಈ ದ್ವೀಪಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾಳೆ ಬೆಳೆಗಾರರಿದ್ದರು. ಮುಂದಿನ ಹದಿನೈದು ವರ್ಷಗಳಲ್ಲಿ ಉಳಿದವರು ಕೆಲವೇ ಸಾವಿರ. ಹೊರಗಿನ ಅಡಿಕೆ ಬಂತು ಅಂದ ಕೂಡಲೇ ಮಲೆನಾಡಿನ ಮನೆಗಳಲ್ಲಿ ಎದೆ ಧಸಕ್ಕೆನ್ನುತ್ತದೆ ಅಲ್ವಾ, ಅದೇ ಭಯ ಅಲ್ಲಿ ನಿಜವಾಗಿಬಿಟ್ಟಿತು.

ಬಾಳೆ ಹೋದ ಮೇಲೆ ಉಳಿದದ್ದು ಹೆಚ್ಚಾಗಿ ಪ್ರವಾಸೋದ್ಯಮ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೋಟೆಲ್‌ಗಳು ತುಂಬುತ್ತವೆ, ಆಮೇಲೆ ಬಿಕೋ ಎನ್ನುತ್ತವೆ. ಕೆಲಸವೂ ಹಾಗೆಯೇ ಬಂದು ಹೋಗುತ್ತದೆ.

ಓದಿದವರು ಎಲ್ಲಿ ಹೋದರು?

ಇನ್ನೊಂದು ದೊಡ್ಡ ಪೆಟ್ಟು ವಲಸೆ. ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಹಲವು ಕೆರಿಬಿಯನ್ ದೇಶಗಳಲ್ಲಿ ಹನ್ನೆರಡು ವರ್ಷಕ್ಕಿಂತ ಜಾಸ್ತಿ ಓದಿದ ದುಡಿಯುವ ಜನರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಶ್ರೀಮಂತ ದೇಶಗಳಿಗೆ ಹೋಗಿಬಿಟ್ಟಿದ್ದಾರೆ. ನೂರು ಜನರನ್ನು ಸರ್ಕಾರದ ದುಡ್ಡಿನಲ್ಲಿ ಓದಿಸಿ, ಅದರಲ್ಲಿ ಎಪ್ಪತ್ತು ಜನ ಲಂಡನ್, ಟೊರೊಂಟೊ, ನ್ಯೂಯಾರ್ಕ್‌ನಲ್ಲಿ ನರ್ಸ್, ಮೇಷ್ಟ್ರು, ಎಂಜಿನಿಯರ್ ಆದರೆ ಊರಿಗೆ ಉಳಿಯುವುದೇನು? ಅವರು ಕಳಿಸುವ ಹಣ ಮನೆ ನಡೆಸುತ್ತದೆ, ನಿಜ. ಆದರೆ ಆಸ್ಪತ್ರೆಯ ವಾರ್ಡ್‌ನಲ್ಲಿ ನರ್ಸ್ ಇರುವುದಿಲ್ಲ.

ಅಂದರೆ ಒಂದೇ ಪ್ರದೇಶದಲ್ಲಿ ಎರಡು ತದ್ವಿರುದ್ಧ ಕಷ್ಟ. ಒಂದು ದ್ವೀಪದಲ್ಲಿ ಕೆಲಸ ಇಲ್ಲದ ಹುಡುಗರು, ಇನ್ನೊಂದರಲ್ಲಿ ಜನ ಸಿಗದೆ ಖಾಲಿ ಬಿದ್ದ ಕೆಲಸ. ಬಾರ್ಬಡೋಸ್‌ನಲ್ಲಿ ಹುಟ್ಟುವ ಮಕ್ಕಳು ಕಡಿಮೆ, ವಯಸ್ಸಾದವರು ಜಾಸ್ತಿ. ಗಯಾನಾದಲ್ಲಿ 2019ರ ಕೊನೆಗೆ ಸಮುದ್ರದಡಿಯ ತೈಲ ಹೊರಬಂದ ಮೇಲೆ ಕಟ್ಟಡ ಕೆಲಸದವರಿಗೆ ಎಲ್ಲಿಲ್ಲದ ಬೇಡಿಕೆ. ಒಂದು ಕಾಲದಲ್ಲಿ ಗಯಾನಾದವರೇ ಕೆಲಸ ಹುಡುಕಿಕೊಂಡು ಬಾರ್ಬಡೋಸ್‌ಗೆ ಹೋಗುತ್ತಿದ್ದರು.

ಮೊದಲ ಪ್ರಯತ್ನ ಮುರಿದದ್ದು

1958ರಲ್ಲಿ ಹತ್ತು ಬ್ರಿಟಿಷ್ ವಸಾಹತುಗಳು ಸೇರಿ ವೆಸ್ಟ್ ಇಂಡೀಸ್ ಒಕ್ಕೂಟ ಎಂಬ ಒಂದೇ ದೇಶವಾಗಲು ಹೊರಟವು. ಗ್ರಾಂಟ್ಲಿ ಆಡಮ್ಸ್ ಪ್ರಧಾನಿಯಾದರು. ದೊಡ್ಡ ದ್ವೀಪ ಜಮೈಕಾಕ್ಕೆ ಉಳಿದವರ ಭಾರ ತನ್ನ ಮೇಲೆ ಬೀಳುತ್ತದೆ ಎನಿಸಿತು. 1961ರಲ್ಲಿ ಜನಮತ ಕೇಳಿದಾಗ ಜಮೈಕಾದ ಜನ ಬೇಡ ಎಂದರು. ಟ್ರಿನಿಡಾಡ್‌ನ ನಾಯಕ ಎರಿಕ್ ವಿಲಿಯಮ್ಸ್ ಆಗ, ಹತ್ತರಲ್ಲಿ ಒಂದು ಹೋದರೆ ಉಳಿಯುವುದು ಸೊನ್ನೆ ಎಂದು ಹೊಸ ಲೆಕ್ಕ ಹೇಳಿ ತಾವೂ ಹೊರನಡೆದರು. 1962ರ ಮೇ ತಿಂಗಳಲ್ಲಿ ಒಕ್ಕೂಟವೇ ಮುಗಿಯಿತು.

ಆಮೇಲೆ ಅವರು ಹಿಡಿದ ದಾರಿ ಬೇರೆ. ದೇಶಗಳು ಬೇರೆ ಬೇರೆಯಾಗಿಯೇ ಇರಲಿ, ಒಬ್ಬೊಬ್ಬರಿಗೆ ದುಬಾರಿಯಾಗುವ ಕೆಲಸಗಳನ್ನು ಮಾತ್ರ ಕೂಡಿ ಮಾಡೋಣ. 1973ರ ಜುಲೈ 4ರಂದು ಹುಟ್ಟಿದ ಕ್ಯಾರಿಕಾಮ್, ಅಂದರೆ ಕೆರಿಬಿಯನ್ ಸಮುದಾಯ, ಈ ದಾರಿಯ ಫಲ. ಈಗ ಅದರಲ್ಲಿ 15 ಸದಸ್ಯರಿದ್ದಾರೆ. ಬೆಲೀಜ್, ಗಯಾನಾ, ಸುರಿನಾಮ್ ದ್ವೀಪಗಳಲ್ಲ, ಆದರೂ ಇದರಲ್ಲಿವೆ. ಇದರೊಳಗೇ ಪೂರ್ವದ ತೀರಾ ಸಣ್ಣ ದ್ವೀಪಗಳು ತಮ್ಮದೇ ಇನ್ನೂ ಹತ್ತಿರದ ಕೂಟ ಮಾಡಿಕೊಂಡಿವೆ.

ಕೂಡಿ ಮಾಡಿದ್ದು ಏನೇನು?

ಮೊದಲು ವಿಶ್ವವಿದ್ಯಾಲಯ. 1948ರಲ್ಲಿ ಜಮೈಕಾದಲ್ಲಿ ಶುರುವಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಇವತ್ತು ಟ್ರಿನಿಡಾಡ್, ಬಾರ್ಬಡೋಸ್, ಆಂಟಿಗಾದಲ್ಲೂ ಇದೆ. 70 ಸಾವಿರ ಜನರ ದೇಶ ಸ್ವಂತ ವೈದ್ಯಕೀಯ ಕಾಲೇಜು ಕಟ್ಟಲು ಹೋದರೆ ಬೊಕ್ಕಸವೇ ಬರಿದು. ಈಗ ಅಲ್ಲಿನ ಹುಡುಗಿ ಪಕ್ಕದ ದ್ವೀಪದಲ್ಲಿ ಡಾಕ್ಟರ್ ಓದಬಹುದು.

ಆಮೇಲೆ ದುಡ್ಡು. ಪೂರ್ವ ಕೆರಿಬಿಯನ್‌ನ ಎಂಟು ಸರ್ಕಾರಗಳಿಗೆ ಒಂದೇ ನಾಣ್ಯ, ಒಂದೇ ಕೇಂದ್ರ ಬ್ಯಾಂಕು. ಒಂದು ಅಮೆರಿಕನ್ ಡಾಲರ್‌ಗೆ 2.70 ಪೂರ್ವ ಕೆರಿಬಿಯನ್ ಡಾಲರ್. 1976ರಿಂದ ಈ ದರ ಬದಲಾಗಿಲ್ಲ. ಹೋಟೆಲ್ ಕಟ್ಟುವವರಿಗೂ ಅಂಗಡಿ ಇಡುವವರಿಗೂ ನಾಳೆ ದುಡ್ಡಿನ ಬೆಲೆ ಕುಸಿದೀತು ಎಂಬ ಭಯ ಇಲ್ಲ.

ಔಷಧಿ ಖರೀದಿಯೂ ಹೀಗೆಯೇ. 1986ರಿಂದ ಈ ದ್ವೀಪಗಳು ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಔಷಧಿಗೆ ಒಂದೇ ಟೆಂಡರ್ ಕರೆಯುತ್ತವೆ. ಒಬ್ಬೊಬ್ಬರೇ ಹೋದರೆ ಕಂಪನಿಯವರು ಹೇಳಿದ್ದೇ ರೇಟು. ಮನೆ ಕಟ್ಟುವ ಹತ್ತು ಜನ ಸೇರಿ ಒಟ್ಟಿಗೆ ಜಲ್ಲಿ, ಮರಳು ತರಿಸಿದರೆ ಚೌಕಾಸಿ ಮಾಡುವ ಶಕ್ತಿ ಬರುತ್ತದಲ್ಲ, ಹಾಗೆ.

ಇನ್ನು ಚಂಡಮಾರುತ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಈ ದ್ವೀಪಗಳಲ್ಲಿ ಕೆಲಸ ಹುಟ್ಟಿಸುವುದರಷ್ಟೇ, ಇದ್ದ ಕೆಲಸ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗದಂತೆ ನೋಡಿಕೊಳ್ಳುವುದೂ ಮುಖ್ಯ. ಗ್ರೆನಡಾದ ಬಾವುಟದ ಮೇಲೆ ಒಂದು ಜಾಯಿಕಾಯಿಯ ಚಿತ್ರ ಇದೆ. ಇಂಡೋನೇಷ್ಯಾ ಬಿಟ್ಟರೆ ಜಗತ್ತಿಗೆ ಅತಿ ಹೆಚ್ಚು ಜಾಯಿಕಾಯಿ ಕೊಡುತ್ತಿದ್ದ ದೇಶ ಅದು. 2004ರ ಸೆಪ್ಟೆಂಬರ್‌ನಲ್ಲಿ ಐವಾನ್ ಚಂಡಮಾರುತ ಬಂದು ಹೆಚ್ಚಿನ ಜಾಯಿಕಾಯಿ ಮರಗಳನ್ನು ಉರುಳಿಸಿತು. ನಮ್ಮ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜಾಯಿಕಾಯಿ ಬೆಳೆದವರಿಗೆ ಗೊತ್ತು, ಗಿಡ ನೆಟ್ಟು ಫಸಲು ನೋಡಲು ಏಳೆಂಟು ವರ್ಷ ಕಾಯಬೇಕು. ಒಟ್ಟು ನಷ್ಟ ಆ ದೇಶದ ಜಿಡಿಪಿಯ ಎರಡರಷ್ಟು. ಜಿಡಿಪಿ ಅಂದರೆ ಇಡೀ ದೇಶ ಒಂದು ವರ್ಷ ದುಡಿದದ್ದರ ಮೊತ್ತ. ಎರಡು ವರ್ಷದ ದುಡಿಮೆ ಕೆಲವೇ ಗಂಟೆಗಳಲ್ಲಿ ಹೋಯಿತು.

ಇಂಥ ದೇಶಕ್ಕೆ ಒಂಟಿಯಾಗಿ ವಿಮೆ ಕೊಡಲು ಯಾರು ಮುಂದೆ ಬರುತ್ತಾರೆ? ಬಂದರೂ ಕಂತು ಕಟ್ಟಲು ಆಗುವುದಿಲ್ಲ. ಅದಕ್ಕೇ 2007ರಲ್ಲಿ ಹದಿನಾರು ಸರ್ಕಾರಗಳು ಸೇರಿ ಒಂದೇ ವಿಮಾ ನಿಧಿ ಮಾಡಿದವು. ಒಂದೇ ವರ್ಷ ಎಲ್ಲ ದ್ವೀಪಗಳಿಗೂ ಚಂಡಮಾರುತ ಬಡಿಯುವುದು ಅಪರೂಪ, ಹಾಗಾಗಿ ಕೂಡಿದರೆ ಕಂತು ಇಳಿಯುತ್ತದೆ. ಇದರ ಇನ್ನೊಂದು ಗುಣ ನಮ್ಮ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಬಂದು ನಷ್ಟ ಎಣಿಸುವುದಿಲ್ಲ, ಮಳೆಮಾಪಕದ ಲೆಕ್ಕ ನೋಡಿ ಹಣ ಹಾಕುತ್ತಾರೆ. ಇಲ್ಲೂ ಹಾಗೆಯೇ. ಗಾಳಿಯ ವೇಗ ಇಷ್ಟು ದಾಟಿತು ಅಂದರೆ ಇಷ್ಟು ಹಣ, 14 ದಿನದೊಳಗೆ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಗ್ರೆನಡಾಕ್ಕೆ ಅಪ್ಪಳಿಸಿದಾಗ ಈ ನಿಧಿಯಿಂದ ಸುಮಾರು 4.4 ಕೋಟಿ ಅಮೆರಿಕನ್ ಡಾಲರ್ ಬಂತು. ಸರ್ಕಾರದ ಕೈಯಲ್ಲಿ ದುಡ್ಡಿದ್ದರೆ ರಸ್ತೆಯ ಮೇಲೆ ಬಿದ್ದ ಮರ ತೆಗೆಯುವವರಿಗೆ ಕೂಲಿ ಕೊಡಬಹುದು, ಮೇಷ್ಟ್ರಿಗೆ ಸಂಬಳ ನಿಲ್ಲುವುದಿಲ್ಲ.

ಒಂದೇ ಮಾರುಕಟ್ಟೆ ಅಂದರೆ ಏನು?

ಹಳೆಯ ಬೆಂಗಳೂರಿನ ವಠಾರ ನೆನಪಿದೆಯಾ? ಒಳಗೆ ಎಂಟು ಹತ್ತು ಮನೆ, ಬಾಗಿಲುಗಳು ತೆರೆದೇ ಇರುತ್ತವೆ, ಹೊರಗಿನ ಗೇಟು ಮಾತ್ರ ಎಲ್ಲರಿಗೂ ಒಂದೇ. ಒಂದೇ ಮಾರುಕಟ್ಟೆ ಅಂದರೆ ಅದು. ಸದಸ್ಯ ದೇಶಗಳ ನಡುವೆ ಸರಕಿಗೆ ಸುಂಕ ಇಲ್ಲ. ಹೊರಗಿನಿಂದ ಬರುವ ಸರಕಿಗೆ ಎಲ್ಲರೂ ಒಂದೇ ಸುಂಕ ಹಾಕುತ್ತಾರೆ. 2001ರಲ್ಲಿ ತಿದ್ದಿ ಬರೆದ ಕ್ಯಾರಿಕಾಮ್ ಒಪ್ಪಂದ ಇದಕ್ಕೆ ಆಧಾರ. ಅದರ ತಕರಾರು ತೀರ್ಮಾನಿಸಲು 2005ರಲ್ಲಿ ಕೆರಿಬಿಯನ್ ನ್ಯಾಯಾಲಯವೂ ಶುರುವಾಯಿತು.

ವಠಾರದಲ್ಲಿ ಜಗಳ ಇಲ್ಲವೆಂದಲ್ಲ. ಟ್ರಿನಿಡಾಡ್‌ನಲ್ಲಿ ತೈಲ, ಅನಿಲ ಇದೆ, ಕರೆಂಟು ಅಗ್ಗ, ಹಾಗಾಗಿ ಕಾರ್ಖಾನೆಗಳೂ ಅಲ್ಲೇ ಜಾಸ್ತಿ. ಉಳಿದ ದ್ವೀಪಗಳಿಗೆ, ನಾವು ಬರೀ ಗಿರಾಕಿಗಳಾಗಿ ಉಳಿದೆವಾ ಎಂಬ ಬೇಸರ ಇದೆ. ಅದಕ್ಕೆ ಸಣ್ಣ ದ್ವೀಪಗಳು ತಮ್ಮ ಕೆಲವು ಕಾರ್ಖಾನೆಗಳನ್ನು ಸ್ವಲ್ಪ ಕಾಲ ಕಾಪಾಡಿಕೊಳ್ಳಲು ಒಪ್ಪಂದದಲ್ಲೇ ಅವಕಾಶ ಇಟ್ಟಿದ್ದಾರೆ.

ಇನ್ನೊಂದು ತೊಡಕು ಸಾಗಾಟ. ಡೊಮಿನಿಕಾದಲ್ಲಿ ಹಕ್‌ಸ್ಟರ್ ಎಂದು ಕರೆಸಿಕೊಳ್ಳುವ ವ್ಯಾಪಾರಿಗಳಿದ್ದಾರೆ. ಹೆಚ್ಚಿನವರು ಹೆಂಗಸರು. ರೈತರಿಂದ ಬಾಳೆ, ಕಿತ್ತಳೆ, ಕೆಸುವಿನ ಗೆಡ್ಡೆ ಕೊಂಡು, ಸಣ್ಣ ಹಡಗಿಗೆ ಹೇರಿ, ತಾವೂ ಹತ್ತಿ ಪಕ್ಕದ ದ್ವೀಪದ ಸಂತೆಗೆ ಹೋಗುತ್ತಾರೆ. (ನಾವು ಪತ್ರೊಡೆ ಮಾಡುವ ಅದೇ ಕೆಸುವಿನ ಎಲೆ ಅಲ್ಲಿ ಕ್ಯಾಲಲೂ ಎಂಬ ಸಾರಾಗುತ್ತದೆ.) ದ್ವೀಪಗಳ ನಡುವಿನ ಕೃಷಿ ವ್ಯಾಪಾರವನ್ನು ಇಷ್ಟು ಕಾಲ ಎಳೆದುಕೊಂಡು ಬಂದವರಲ್ಲಿ ಇವರದು ದೊಡ್ಡ ಪಾಲು. ಆದರೂ ಪ್ರವಾಸಿಗರ ಹೋಟೆಲ್‌ನ ತಟ್ಟೆಗೆ ಬರುವ ತರಕಾರಿ, ಕೋಳಿ, ಹಣ್ಣಿನ ರಸ ಬಹುಪಾಲು ದೂರದ ಅಮೆರಿಕದಿಂದ ಬರುತ್ತದೆ. ಅಲ್ಲಿಂದ ದೊಡ್ಡ ಹಡಗು ಗೊತ್ತಾದ ದಿನ ಬರುತ್ತದೆ, ಪಕ್ಕದ ದ್ವೀಪದಿಂದ ಬರುವುದಿಲ್ಲ. ಹೊರಗಿನಿಂದ ತರಿಸುವ ಆಹಾರದ ಖರ್ಚನ್ನು 2025ರೊಳಗೆ ನೂರಕ್ಕೆ 25ರಷ್ಟು ಇಳಿಸಬೇಕೆಂದು ಕ್ಯಾರಿಕಾಮ್ ಗುರಿ ಇಟ್ಟುಕೊಂಡಿತ್ತು. ಆ ಗಡುವು ಈಗ 2030ಕ್ಕೆ ಹೋಗಿದೆ. ಗುರಿ ಮುಟ್ಟಿದರೆ ರೈತರಿಗಷ್ಟೇ ಅಲ್ಲ, ಶೈತ್ಯಾಗಾರ, ಪ್ಯಾಕಿಂಗ್, ಹಡಗಿನ ಕೆಲಸಗಳಿಗೂ ದಾರಿಯಾಗುತ್ತದೆ.

ಜನ ಓಡಾಡುವುದು ಯಾಕೆ ಇಷ್ಟು ಕಷ್ಟವಾಯಿತು?

ಸರಕು ಬರಲಿ, ಜನ ಬೇಡ. ಇದು ಎಲ್ಲ ಕಡೆಯ ಭಯ. ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ, ನಮ್ಮ ಆಸ್ಪತ್ರೆ, ಶಾಲೆ ತುಂಬಿಹೋಗುತ್ತದೆ ಎಂಬ ಮಾತು. ಒಂದು ಲಕ್ಷ ಜನರ ದೇಶಕ್ಕೆ ಐದು ಸಾವಿರ ಜನ ಬಂದರೂ ಎದ್ದು ಕಾಣುತ್ತದೆ. ಆ ಭಯವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಹಾಗಾಗಿ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆದರು. ಮೊದಲು ಪದವೀಧರರು, ಪತ್ರಕರ್ತರು, ಕಲಾವಿದರು, ಸಂಗೀತಗಾರರು, ಆಟಗಾರರು. ಆಮೇಲೆ ನರ್ಸ್‌ಗಳು, ಮೇಷ್ಟ್ರುಗಳು, ಕೈಕಸುಬಿನ ಪರೀಕ್ಷೆ ಪಾಸಾದವರು, ಮನೆಗೆಲಸದವರು. ಹೋಗುವವರು ಸ್ಕಿಲ್ಸ್ ಸರ್ಟಿಫಿಕೇಟ್ ಎಂಬ ಪತ್ರ ಪಡೆಯಬೇಕು. ಪಟ್ಟಿಯಲ್ಲಿ ಇಲ್ಲದ ಕೆಲಸದವರಿಗೆ ಮಾಮೂಲಿ ವರ್ಕ್ ಪರ್ಮಿಟ್ಟೇ ಗತಿ.

2007ರಲ್ಲಿ ಒಂದು ವಿಶೇಷ ನಡೆಯಿತು. ಕೆರಿಬಿಯನ್‌ನಲ್ಲಿ ಕ್ರಿಕೆಟ್ ವಿಶ್ವಕಪ್. ನಮ್ಮ ರಾಹುಲ್ ದ್ರಾವಿಡ್ ನಾಯಕರಾಗಿದ್ದ ತಂಡ ಮೊದಲ ಸುತ್ತಿನಲ್ಲೇ ಸೋತು ಬಂದದ್ದು ನಮಗೆ ನೆನಪಿರುವ ಭಾಗ. ಅಲ್ಲಿಯವರಿಗೆ ನೆನಪಿರುವುದು ಬೇರೆ. ಫೆಬ್ರವರಿಯಿಂದ ಮೇ ಮಧ್ಯದವರೆಗೆ ಹತ್ತು ದೇಶಗಳು ಒಂದೇ ದೇಶದ ಹಾಗೆ ನಡೆದುಕೊಂಡವು. ಮೊದಲ ವಿಮಾನ ನಿಲ್ದಾಣದಲ್ಲಿ ಒಂದು ಸಲ ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಉಳಿದ ಕಡೆ ತಪಾಸಣೆ ಇಲ್ಲ. ಮ್ಯಾಚು ಮುಗಿಯಿತು, ಬಾಗಿಲು ಮತ್ತೆ ಮುಚ್ಚಿತು.

2011ರ ಮಾರ್ಚ್‌ನಲ್ಲಿ ಜಮೈಕಾದ ಒಬ್ಬ ಹೆಣ್ಣುಮಗಳು ಬಾರ್ಬಡೋಸ್‌ಗೆ ಬಂದಿಳಿದಳು. ಅಧಿಕಾರಿಗಳು ಒಳಗೆ ಬಿಡಲಿಲ್ಲ. ರಾತ್ರಿಯೆಲ್ಲ ಕೂಡಿಹಾಕಿ ಮಾರನೇ ದಿನ ವಾಪಸ್ ಕಳಿಸಿದರು. ಅವಳು ಕೆರಿಬಿಯನ್ ನ್ಯಾಯಾಲಯಕ್ಕೆ ಹೋದಳು. 2013ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಕ್ಯಾರಿಕಾಮ್ ದೇಶದವರು ಇನ್ನೊಂದು ಸದಸ್ಯ ದೇಶಕ್ಕೆ ಹೋದರೆ ಆರು ತಿಂಗಳು ಇರುವ ಹಕ್ಕು ಅವರಿಗಿದೆ, ಸರಿಯಾದ ಕಾರಣ ಇಲ್ಲದೆ ತಡೆಯುವ ಹಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಪರಿಹಾರವನ್ನೂ ಕೊಡಿಸಿತು. ನಾಯಕರ ಭಾಷಣಗಳಲ್ಲಿ ಇದ್ದ ಹಕ್ಕು ಸಾಮಾನ್ಯ ಪ್ರಯಾಣಿಕರ ಕೈಗೆ ಸಿಕ್ಕಿದ್ದು ಆಗ.

ಬಂದು ದುಡಿದವರ ಪಿಂಚಣಿ ಏನಾಗುತ್ತದೆ? ನಾವು ಕಂಪನಿ ಬದಲಿಸಿದಾಗ ಪಿಎಫ್ ಹೊಸ ಕಂಪನಿಗೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ವ್ಯವಸ್ಥೆ. ಬೇರೆ ಬೇರೆ ದ್ವೀಪಗಳಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಪಿಂಚಣಿಯ ಅರ್ಹತೆ ಲೆಕ್ಕ ಹಾಕುವ ಒಪ್ಪಂದ 1997ರಿಂದಲೇ ಜಾರಿಯಲ್ಲಿದೆ.

2025ರ ಅಕ್ಟೋಬರ್‌ನಿಂದ ಬದಲಾದದ್ದು

ಪೂರ್ವದ ಸಣ್ಣ ದ್ವೀಪಗಳು ತಮ್ಮೊಳಗೆ 2011ರಲ್ಲೇ ಓಡಾಟವನ್ನು ಬಿಡುಗಡೆ ಮಾಡಿದ್ದವು. ಅದಕ್ಕಿಂತ ದೊಡ್ಡ ವಲಯದಲ್ಲಿ, ಹದಿನೈದೂ ದೇಶ ಒಪ್ಪುವವರೆಗೆ ಕಾಯದೆ, ಸಿದ್ಧವಿರುವ ನಾಲ್ಕು ದೇಶ ಮುಂದೆ ಹೋಗಲಿ ಎಂದು ಈಗ ತೀರ್ಮಾನವಾಗಿದೆ. ಉಳಿದವರು ನೋಡಿಕೊಂಡು ಬರಬಹುದು.

ಡೊಮಿನಿಕಾದ ಒಬ್ಬ ಗಾರೆ ಕೆಲಸದವನು ಬಾರ್ಬಡೋಸ್‌ಗೆ ಹೊರಟಿದ್ದಾನೆ ಎಂದುಕೊಳ್ಳಿ. ಮೊದಲು ಅವನು ಪರೀಕ್ಷೆ ಪಾಸಾದ ಪತ್ರ ಇಟ್ಟುಕೊಂಡು ಸ್ಕಿಲ್ಸ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬೇಕಿತ್ತು, ಇಲ್ಲವೇ ಕೆಲಸ ಕೊಡುವವರು ಪರ್ಮಿಟ್ ಮಾಡಿಸಬೇಕಿತ್ತು. ಈಗ ಎರಡೂ ಬೇಡ. ಮಕ್ಕಳನ್ನು ಕರೆದೊಯ್ದರೆ ಅಲ್ಲಿನ ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗೆ ಸೇರಿಸಬಹುದು. ತುರ್ತು ಚಿಕಿತ್ಸೆ, ಪ್ರಾಥಮಿಕ ಆರೋಗ್ಯ ಸೇವೆಯೂ ಸಿಗುತ್ತದೆ. ಇವೆಲ್ಲ ಆ ದೇಶದ ಶಕ್ತಿಗೆ ತಕ್ಕಷ್ಟು ಎಂಬ ಮಾತು ಒಪ್ಪಂದದಲ್ಲಿದೆ. ಭದ್ರತೆಗೆ ಅಪಾಯ ಎನಿಸಿದವರನ್ನು ತಡೆಯುವ ಅಧಿಕಾರವನ್ನು ದೇಶಗಳು ಉಳಿಸಿಕೊಂಡಿವೆ.

ಅವನಿಗೆ ಉಳಿಯುವ ದೊಡ್ಡ ಖರ್ಚು ವಿಮಾನದ ಟಿಕೆಟ್. ದ್ವೀಪಗಳನ್ನು 1956ರಿಂದ ಬೆಸೆದಿದ್ದ ಲಿಯಾಟ್ ಎಂಬ ವಿಮಾನ ಕಂಪನಿ ಕೋವಿಡ್ ಕಾಲದಲ್ಲಿ ನೆಲಕಚ್ಚಿತು. 2024ರಲ್ಲಿ ಅದೇ ಹೆಸರಿನ ಹೊಸ ಕಂಪನಿ ಹಾರಾಟ ಶುರುಮಾಡಿದೆ. ಆದರೂ ಪಕ್ಕದ ದ್ವೀಪಕ್ಕೆ ಹೋಗುವ ಟಿಕೆಟ್ಟಿನಲ್ಲಿ ತೆರಿಗೆ, ಶುಲ್ಕದ ಪಾಲೇ ಜಾಸ್ತಿ ಎಂಬ ದೂರು ಹಾಗೇ ಇದೆ. ಟಿಕೆಟ್ ಹೊಂದಿಸಿಕೊಂಡು ಬಂದವನು ಇಳಿಯುವುದು ಬಾರ್ಬಡೋಸ್‌ನ ಗ್ರಾಂಟ್ಲಿ ಆಡಮ್ಸ್ ವಿಮಾನ ನಿಲ್ದಾಣದಲ್ಲಿ. ನಾಲ್ಕೇ ವರ್ಷ ಬಾಳಿದ ಆ ಒಕ್ಕೂಟದ ಏಕೈಕ ಪ್ರಧಾನಿಯ ಹೆಸರು ಅದು.